ಲೈಮ್ ರಕ್ತಪರೀಕ್ಷೆ: ಮತ್ತೆ ಮೂಡಿದ ದದ್ದಿಗೆ ಇದರಿಂದ ಉತ್ತರ ಸಿಗುತ್ತದೆಯೇ?

ರಸೀದಿಯಲ್ಲಿ ಬರುವ ಹೆಸರು 'ಲೈಮ್ ಐಜಿಜಿ, ಐಜಿಎಂ – ಎಲೈಸಾ'. ರಕ್ತ ತೆಗೆಯುವುದು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಇರುವ ಕಲೆಕ್ಷನ್ ಸೆಂಟರಿನಲ್ಲಿ. ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಹೊರ ಜಿಲ್ಲೆಯ ದೊಡ್ಡ ಲ್ಯಾಬಿನಲ್ಲಿ. ರಿಪೋರ್ಟ್ ಬರುವುದು ವಾಟ್ಸಾಪ್‌ಗೆ. ಇಲ್ಲಿರುವುದು ಯಾವುದೇ ಒಂದು ಲ್ಯಾಬಿನ ವಿಮರ್ಶೆಯಲ್ಲ, ಆ ಸೇವೆಯದು. ಅದೂ ಒಂದು ಬಗೆಯ ಗಿರಾಕಿಯ ಕಡೆಯಿಂದ ನೋಡಿದ್ದು: ಹಿಂದೊಮ್ಮೆ ಉಣ್ಣಿ ಕಡಿತದಿಂದ ಬರುವ ಲೈಮ್ ಕಾಯಿಲೆ ಆಗಿ, ಮಾತ್ರೆ ಮುಗಿಸಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮೈಮೇಲೆ ಮತ್ತೆ ಕೆಂಪು ದದ್ದು ಕಂಡವರು.

ಅವರಿಗೆ ಈ ಪರೀಕ್ಷೆ ಐದಕ್ಕೆ ಎರಡು ಅಂಕದ್ದು. ಒಂದೇ ಒಂದು ಸಂದರ್ಭದಲ್ಲಿ ನಾಲ್ಕಕ್ಕೆ ಏರುತ್ತದೆ, ಅದು ಮುಂದೆ ಬರುತ್ತದೆ.

ಕೊಡಗಿನಲ್ಲಿ ಇದನ್ನು ಕೇಳಿಕೊಂಡು ಬರುವವರು ಯಾರು ಎಂದರೆ, ಹೆಚ್ಚಾಗಿ ನ್ಯೂಜೆರ್ಸಿ, ಕನೆಕ್ಟಿಕಟ್, ಜರ್ಮನಿ, ಸ್ವೀಡನ್ ಕಡೆ ಕೆಲಸ ಮಾಡಿ ಊರಿಗೆ ಮರಳಿದವರು, ಇಲ್ಲವೇ ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಲ್ಲಿದ್ದು ಬಂದ ಅಮ್ಮಂದಿರು. ಲೈಮ್ ಅಲ್ಲಿನ ಕಾಯಿಲೆ. 1975ರ ಸುಮಾರಿಗೆ ಕನೆಕ್ಟಿಕಟ್‌ನ ಲೈಮ್ ಊರಿನ ಸುತ್ತ ಮಕ್ಕಳಿಗೆ ಕೀಲು ಊದಿಕೊಂಡಿದ್ದರಿಂದ ಗಮನಕ್ಕೆ ಬಂತು. ಕಾರಣ ಬೊರೆಲಿಯಾ ಎಂಬ ಸುರುಳಿ ಬ್ಯಾಕ್ಟೀರಿಯಾ, ಹರಡುವುದು ಇಕ್ಸೋಡಿಸ್ ಜಾತಿಯ ಉಣ್ಣಿ. ನಮ್ಮ ತೋಟದ ನಾಯಿ, ದನಗಳ ಮೈಮೇಲಿರುವುದು ಬೇರೆ ಜಾತಿಗಳು. ಮಂಗನ ಕಾಯಿಲೆ ಹರಡುವ ಹೀಮಾಫೈಸಾಲಿಸ್ ಕೂಡ ಬೇರೆಯೇ. ನಾಗರಹೊಳೆ, ಬಂಡೀಪುರದ ಕಾಡಿನಲ್ಲಿ ಕೆಲಸ ಮಾಡುವವರ ರಕ್ತದಲ್ಲಿ ಬೊರೆಲಿಯಾ ಪ್ರತಿಕಾಯ (ಆಂಟಿಬಾಡಿ) ಸಿಕ್ಕ ವರದಿಗಳಿವೆ, ಹಾಗಾಗಿ ಇಲ್ಲಿ ಲೈಮ್ ಇಲ್ಲವೇ ಇಲ್ಲ ಎಂದು ಮೇಜು ಕುಟ್ಟಿ ಹೇಳುವ ಹಾಗಿಲ್ಲ. ಆದರೆ ಪ್ರತಿಕಾಯ ಸಿಗುವುದು ಬೇರೆ, ಕಾಯಿಲೆ ಇರುವುದು ಬೇರೆ. ಇಡೀ ಸೇವೆಯ ಗೊಂದಲ ಹುಟ್ಟುವುದೇ ಇಲ್ಲಿ.

ರಿಪೋರ್ಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎಲೈಸಾ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ಮಾಡಿಟ್ಟ ಪ್ರತಿಕಾಯವನ್ನು. ಐಜಿಎಂ ಎಂದರೆ ಮೊದಲು ಹುಟ್ಟುವ ಪ್ರತಿಕಾಯ, ಐಜಿಜಿ ಅದರ ಹಿಂದೆ ಬರುವುದು. ಒಮ್ಮೆ ಲೈಮ್ ಆಗಿ ಪೂರ್ತಿ ಗುಣವಾದವರ ರಕ್ತದಲ್ಲೂ ಐಜಿಜಿ ವರ್ಷಗಟ್ಟಲೆ ಉಳಿಯುತ್ತದೆ. ಹತ್ತು ವರ್ಷ ದಾಟಿಯೂ ಪಾಸಿಟಿವ್ ಬಂದವರಿದ್ದಾರೆ. ಐಜಿಎಂ ಬೇಗ ಹೋಗಬೇಕಾದ್ದು, ಕೆಲವರಲ್ಲಿ ಅದೂ ಹಾಗೇ ಉಳಿಯುತ್ತದೆ. ಹಳೆಯ ರೋಗಿಗೆ ಹೊಸ ದದ್ದು ಎದ್ದಾಗ ಈ ಪರೀಕ್ಷೆ ಮಾಡಿ 'ಪಾಸಿಟಿವ್' ಎಂದು ಓದುವುದೆಂದರೆ, ತೋಟದ ಹಳೆಯ ಚೆಕ್‌ರೋಲ್ (ಹಾಜರಿ ಪುಸ್ತಕ) ತೆರೆದು ಇವತ್ತು ಯಾರು ಕೆಲಸಕ್ಕೆ ಬಂದಿದ್ದಾರೆ ಎಂದು ಹೇಳಿದ ಹಾಗೆ.

ರಿಪೋರ್ಟಿನಲ್ಲಿ ಒಂದು ಇಂಡೆಕ್ಸ್ ಸಂಖ್ಯೆ ಇರುತ್ತದೆ. ಹಲವು ಕಿಟ್‌ಗಳಲ್ಲಿ 0.9ಕ್ಕಿಂತ ಕಡಿಮೆ ನೆಗೆಟಿವ್, 1.1ಕ್ಕಿಂತ ಹೆಚ್ಚು ಪಾಸಿಟಿವ್, ನಡುವಿನದು ಅನುಮಾನದ್ದು. ಸಂಖ್ಯೆ ಇಲ್ಲದೆ ಬರೀ 'ರಿಯಾಕ್ಟಿವ್' ಎಂದು ಕಳಿಸಿದರೆ ಫೋನ್ ಮಾಡಿ ಕೇಳಿ ಪಡೆಯಿರಿ. 1.2ಕ್ಕೂ ಬಹಳ ಎತ್ತರದ ಸಂಖ್ಯೆಗೂ ಒಂದೇ ಪದ ಬಳಸಿದರೆ ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ. ಎರಡು ಬೇರೆ ಲ್ಯಾಬಿನ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಎನ್ನುವುದೂ ದಂಡ. ಕಿಟ್ ಬದಲಾದರೆ ಅಳತೆಯೂ ಬದಲಾಗುತ್ತದೆ.

ಇನ್ನು ಅಡ್ಡ ಪ್ರತಿಕ್ರಿಯೆ. ಕೊಡಗಿನ ಮಟ್ಟಿಗೆ ಇದು ದೊಡ್ಡ ತೊಡಕು. ಇಲಿ ಜ್ವರದ ಲೆಪ್ಟೊಸ್ಪೈರಾ ಕೂಡ ಸುರುಳಿ ಬ್ಯಾಕ್ಟೀರಿಯಾವೇ. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ, ತೋಡಿನ ನೀರಿನಲ್ಲಿ ಕೆಲಸ ಮಾಡಿದವರಿಗೆ ಇಲಿ ಜ್ವರ ಬಂದು ಹೋಗಿರಬಹುದು. ಅವರ ರಕ್ತ ಲೈಮ್ ಎಲೈಸಾದಲ್ಲಿ ಸುಳ್ಳು ಪಾಸಿಟಿವ್ ತೋರಿಸುವುದುಂಟು. ಸಿಫಿಲಿಸ್, ಸಂಧಿವಾತ, ಲೂಪಸ್, ಮೊನೊನ್ಯೂಕ್ಲಿಯೋಸಿಸ್ ಇದ್ದವರಲ್ಲೂ ಹೀಗಾಗುತ್ತದೆ. ಅದಕ್ಕೇ ಎಲೈಸಾ ಪಾಸಿಟಿವ್ ಬಂದರೆ ಎರಡನೇ ಹಂತವಾಗಿ ವೆಸ್ಟರ್ನ್ ಬ್ಲಾಟ್ ಮಾಡಬೇಕು ಎಂಬ ನಿಯಮ. ಪ್ರತಿಕಾಯ ಬ್ಯಾಕ್ಟೀರಿಯಾದ ಯಾವ ಯಾವ ಪ್ರೋಟೀನಿಗೆ ಅಂಟುತ್ತದೆ ಎಂದು ಪಟ್ಟಿಗಳಾಗಿ ತೋರಿಸುವ ಪರೀಕ್ಷೆ ಅದು. ಅಮೆರಿಕದ ಮಾನದಂಡದಲ್ಲಿ ಐಜಿಎಂಗೆ 3 ಪಟ್ಟಿಗಳಲ್ಲಿ 2, ಐಜಿಜಿಗೆ 10ರಲ್ಲಿ 5 ಕಾಣಬೇಕು. ಐಜಿಎಂ ಲೆಕ್ಕಕ್ಕೆ ಬರುವುದು ಕಾಯಿಲೆ ಶುರುವಾದ ಮೊದಲ 30 ದಿನದಲ್ಲಿ ಮಾತ್ರ. ಮೂರು ವರ್ಷದ ಹಿಂದೆ ಲೈಮ್ ಆದವರಿಗೆ ಬರೀ ಐಜಿಎಂ ಪಾಸಿಟಿವ್ ಬಂದರೆ ಅದನ್ನು ಮಡಿಸಿ ಡ್ರಾಯರಿಗೆ ಹಾಕಬಹುದು. 2019ರಿಂದ ಬ್ಲಾಟ್ ಬದಲಿಗೆ ಇನ್ನೊಂದು ಬಗೆಯ ಎಲೈಸಾ ಮಾಡುವ ಕ್ರಮಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಇದೆ. ಒಂದೇ ಎಲೈಸಾ ಮಾಡಿ, ಕೆಳಗೆ 'ಕ್ಲಿನಿಕಲಿ ಕೋರಿಲೇಟ್' (ರೋಗಿಯ ಲಕ್ಷಣದ ಜೊತೆ ಹೋಲಿಸಿ ನೋಡಿ) ಎಂದು ಬರೆದು ಕೈ ತೊಳೆದುಕೊಳ್ಳುವುದು ಈ ಸೇವೆಯ ದೊಡ್ಡ ದೋಷ. ಎರಡನೇ ಹಂತ ಬೇಕಾಗುತ್ತದೆ, ಅದಕ್ಕೆ ಬೇರೆ ದುಡ್ಡು ಎಂದು ಕೌಂಟರಿನಲ್ಲೇ ಹೇಳಬೇಕಿತ್ತು.

ಯುರೋಪಿನಲ್ಲಿ ಸೋಂಕು ತಗುಲಿದ್ದರೆ ಇನ್ನೊಂದು ಮಾತು. ಅಲ್ಲಿನ ತಳಿಗಳು ಹೆಚ್ಚಾಗಿ ಬೊರೆಲಿಯಾ ಅಫ್ಜೆಲಿಯೈ, ಗರೀನಿಯೈ. ಅಮೆರಿಕದ ತಳಿ ಬೊರೆಲಿಯಾ ಬರ್ಗ್‌ಡಾರ್ಫೆರಿ. ಅಮೆರಿಕದ ತಳಿಗೆಂದೇ ಮಾಡಿದ ಕಿಟ್‌ನಲ್ಲಿ ಜರ್ಮನಿಯ ಸೋಂಕು ಸರಿಯಾಗಿ ಸಿಗದಿರಬಹುದು. 'ಯಾವ ತಳಿಗಳ ಆಂಟಿಜನ್ (ಪ್ರತಿಕಾಯ ಹಿಡಿಯಲು ಕಿಟ್‌ನಲ್ಲಿಟ್ಟ ಬ್ಯಾಕ್ಟೀರಿಯಾದ ಅಂಶ) ಇದೆ?' ಎಂದು ಲ್ಯಾಬಿಗೆ ಕೇಳುವುದು ಅಧಿಕಪ್ರಸಂಗವಲ್ಲ, ದುಡ್ಡು ಕೊಡುವವರ ಹಕ್ಕು.

ನಿಜವಾಗಿ ಮರಳುವ ಲೈಮ್ ದದ್ದು ಯಾವುದು

ಲೈಮ್‌ನ ಮೊದಲ ದದ್ದಿಗೆ ಎರಿಥೀಮಾ ಮೈಗ್ರಾನ್ಸ್ ಎನ್ನುತ್ತಾರೆ. ಉಣ್ಣಿ ಕಚ್ಚಿದ 3ರಿಂದ 30 ದಿನದೊಳಗೆ, ಸರಾಸರಿ ಒಂದು ವಾರಕ್ಕೆ ಕಾಣಿಸಿಕೊಳ್ಳುತ್ತದೆ. ಸೋಂಕಾದವರಲ್ಲಿ ನೂರಕ್ಕೆ 70ರಿಂದ 80 ಮಂದಿಗೆ ಬರುತ್ತದೆ. ದಿನದಿನಕ್ಕೆ ಅಗಲವಾಗುತ್ತಾ ಹೋಗಿ 30 ಸೆಂಟಿಮೀಟರ್ ಮುಟ್ಟಬಹುದು. ಮುಟ್ಟಿದರೆ ಬೆಚ್ಚಗೆ, ತುರಿಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹೊಟ್ಟು ಏಳುವುದಿಲ್ಲ. ನಡುವೆ ಚುಕ್ಕಿ, ಸುತ್ತ ಬಳೆ ಇರುವ ಗುರಿಹಲಗೆಯ ಆಕಾರ ಎಲ್ಲರಲ್ಲೂ ಇರುವುದಿಲ್ಲ. ನಮ್ಮ ಮೈಬಣ್ಣದಲ್ಲಿ ಅದು ಕೆಂಪಾಗಿಯೇ ಕಾಣಬೇಕೆಂದಿಲ್ಲ. ಪೆಟ್ಟು ಬಿದ್ದು ಕಂದಿದ ಹಾಗೆ ಕಂದು-ನೇರಳೆಯಾಗಿ ಕಾಣಬಹುದು.

ಚಿಕಿತ್ಸೆ ಶುರುವಾದ ಮೊದಲ 24 ಗಂಟೆಯಲ್ಲಿ ದದ್ದು ಇನ್ನಷ್ಟು ಕೆಂಪೇರಿ, ಚಳಿಜ್ವರ ಬರುವುದುಂಟು. ಬ್ಯಾಕ್ಟೀರಿಯಾ ಒಟ್ಟಿಗೆ ಸಾಯುವಾಗ ಆಗುವ ಪ್ರತಿಕ್ರಿಯೆ ಅದು, ಕಾಯಿಲೆ ಉಲ್ಬಣವಲ್ಲ. ಮಾತ್ರೆ ನಿಲ್ಲಿಸಬೇಡಿ.

ವರ್ಷ ಕಳೆದ ಮೇಲೆ ಇದೇ ಬಗೆಯ ದದ್ದು ಮತ್ತೆ ಎದ್ದರೆ ಹಳೆಯದೇ ತಲೆಯೆತ್ತಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ಇದನ್ನೇ ನೇರವಾಗಿ ಪರೀಕ್ಷಿಸಿತು. ಮತ್ತೆ ಮತ್ತೆ ದದ್ದು ಬಂದ 17 ಮಂದಿಯ 22 ಜೋಡಿ ಪ್ರಕರಣಗಳಲ್ಲಿ ಮೊದಲ ಸಲದ ಮತ್ತು ನಂತರದ ಸಲದ ಬ್ಯಾಕ್ಟೀರಿಯಾದ ಜೀನ್ ಹೋಲಿಸಿ ನೋಡಿದರು. ಒಂದು ಜೋಡಿಯಲ್ಲೂ ಹೊಂದಲಿಲ್ಲ. ಅಂದರೆ ಎಲ್ಲವೂ ಹೊಸ ಉಣ್ಣಿ ಕಚ್ಚಿ ಬಂದ ಹೊಸ ಸೋಂಕು. ಒಮ್ಮೆ ಲೈಮ್ ಬಂದರೆ ಮತ್ತೆ ಬರುವುದಿಲ್ಲ ಎಂಬ ರಕ್ಷಣೆ ಇಲ್ಲ, ಆದರೆ ಸರಿಯಾಗಿ ಮದ್ದು ತಿಂದವರಲ್ಲಿ ಹಳೆಯ ಸೋಂಕೇ ಈ ರೂಪದಲ್ಲಿ ಮರಳುವುದು ತೀರಾ ಅಪರೂಪ. ಕೊಡಗಿಗೆ ಇದನ್ನು ಅನ್ವಯಿಸಿ ನೋಡಿ: ಎರಡು ವರ್ಷದಿಂದ ಪೊಲ್ಲಿಬೆಟ್ಟ ಬಿಟ್ಟು ಕದಲದವರಿಗೆ ಎದ್ದ ಬಳೆಯಾಕಾರದ ದದ್ದಿಗೆ ಲೈಮ್ ಕೊನೆಯ ಅನುಮಾನವಾಗಬೇಕು. ಕಳೆದ ತಿಂಗಳಷ್ಟೇ ಬಾಸ್ಟನ್‌ನಿಂದ ಬಂದವರಿಗೆ ಮೊದಲ ಅನುಮಾನ.

'ಸರಿಯಾಗಿ ಮದ್ದು ತಿಂದವರಲ್ಲಿ' ಎಂಬ ಮಾತಿಗೆ ಒತ್ತು ಕೊಡಬೇಕು. ಹಳೆಯ ಚೀಟಿ ತೆಗೆದು ನೋಡಿ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ 10ರಿಂದ 14 ದಿನ, ಅಥವಾ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ದಿನಕ್ಕೆ ಮೂರು ಸಲ 14 ದಿನ, ಅಥವಾ ಸೆಫ್ಯುರಾಕ್ಸಿಮ್ 500 ಮಿಲಿಗ್ರಾಂ ದಿನಕ್ಕೆರಡು ಸಲ 14 ದಿನ ಇದ್ದರೆ ಸರಿ. ಸೆಫಲೆಕ್ಸಿನ್ ಬರೆದಿದ್ದರೆ ಅದು ಲೈಮ್‌ಗೆ ನಾಟುವುದಿಲ್ಲ. ಚರ್ಮದ ಕೀವು-ಬಾವು ಎಂದು ತಿಳಿದು ಅದನ್ನು ಕೊಟ್ಟಿರುವ ಪ್ರಕರಣಗಳು ಅಮೆರಿಕದಲ್ಲೇ ಬೇಕಾದಷ್ಟಿವೆ. ಅಜಿತ್ರೊಮೈಸಿನ್ ಎರಡನೇ ದರ್ಜೆಯದು. ಇಂಥವರಲ್ಲಿ ಸೋಂಕು ಉಳಿದು ಮುಂದಿನ ಹಂತಕ್ಕೆ ಹೋಗುವ ದಾರಿ ತೆರೆದೇ ಇರುತ್ತದೆ.

ಆ ಮುಂದಿನ ಹಂತವೇ ಇಡೀ ವಿಷಯದ ತಿರುಳು. ಅಕ್ರೊಡರ್ಮಟೈಟಿಸ್ ಕ್ರಾನಿಕಾ ಅಟ್ರೋಫಿಕಾನ್ಸ್ ಎಂಬ ಉದ್ದ ಹೆಸರು, ಚುಟುಕಾಗಿ ಎಸಿಎ. ಇದಕ್ಕೆ ಹೆಚ್ಚಾಗಿ ಕಾರಣ ಯುರೋಪಿನ ಅಫ್ಜೆಲಿಯೈ ತಳಿ, ಅಮೆರಿಕದಲ್ಲಿ ತಗುಲಿದ ಸೋಂಕಿನಲ್ಲಿ ಕಾಣಸಿಗುವುದೇ ಅಪರೂಪ. ಕಚ್ಚಿದ ಆರು ತಿಂಗಳಿಗೂ ಬರಬಹುದು, ಎಂಟು ವರ್ಷಕ್ಕೂ ಬರಬಹುದು. ನಲವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು. ಮೊದಲ ದದ್ದು ಕಂಡ ನೆನಪೇ ಇಲ್ಲದವರೂ ಇರುತ್ತಾರೆ.

ಶುರುವಾಗುವುದು ಸಾಮಾನ್ಯವಾಗಿ ಒಂದೇ ಕಾಲಿನಲ್ಲಿ ಅಥವಾ ಒಂದೇ ಕೈಯಲ್ಲಿ, ಮುಂಗೈಯ ಹಿಂಬದಿ, ಮೊಣಕೈ, ಪಾದದ ಮೇಲ್ಭಾಗ, ಮೊಣಕಾಲಿನಂಥ ಹೊರಮೈಯಲ್ಲಿ. ನೀಲಿ ಬೆರೆತ ಕೆಂಪು, ನಮ್ಮ ಚರ್ಮದಲ್ಲಿ ಬೂದು ಮಿಶ್ರಿತ ನೇರಳೆ. ಅಂಚು ಎಲ್ಲಿ ಮುಗಿಯಿತು ಎಂದು ತಿಳಿಯದಷ್ಟು ಮಂಕು. ಬೆರಳಿನಿಂದ ಒತ್ತಿದರೆ ಮೆತ್ತಗಿನ ಊತ. ಒಂದು ಕಾಲಿಗೆ ಚಪ್ಪಲಿ ಬಿಗಿ, ಇನ್ನೊಂದಕ್ಕೆ ಸಲೀಸು. ತುರಿಕೆ ಇರುವುದಿಲ್ಲ, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಿಂಗಳುಗಳು ಕಳೆದಂತೆ ಊತ ಇಳಿದು ಚರ್ಮ ತೆಳ್ಳಗಾಗುತ್ತದೆ. ಚಿವುಟಿದರೆ ಸಿಗರೇಟ್ ಕಾಗದದಷ್ಟು ತೆಳುವಾಗಿ ಸುಕ್ಕುಗಟ್ಟುತ್ತದೆ, ಕೂದಲು ಉದುರಿರುತ್ತದೆ, ಒಳಗಿನ ರಕ್ತನಾಳಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಮೊಣಕೈ ಬಳಿ ಗಟ್ಟಿ ಗಂಟು, ಮುಂಗೈ ಮೂಳೆಯ ಉದ್ದಕ್ಕೂ ಪಟ್ಟಿಯಂಥ ದಪ್ಪ ಬರಬಹುದು. ಹಲವರಲ್ಲಿ ಅದೇ ಕೈಕಾಲಿಗೆ ಉರಿ, ಜೋಮು ಕೂಡ. ಊರಿನಲ್ಲಿ ಇದಕ್ಕೆ ಸಿಗುವ ಹೆಸರುಗಳು: ವೆರಿಕೋಸ್, ಶುಗರ್, ರಕ್ತ ಓಡುತ್ತಿಲ್ಲ, ವಯಸ್ಸಾಯಿತು. ಒಂದೇ ಬದಿಗಿದೆ ಎಂಬುದೇ ಈ ನಾಲ್ಕರ ಮೇಲೂ ಅನುಮಾನ ಹುಟ್ಟಿಸಬೇಕು.

ಮೇಲೆ ಹೇಳಿದ ನಾಲ್ಕು ಅಂಕದ ಸಂದರ್ಭ ಇದೇ. ಎಸಿಎ ಇದ್ದವರಲ್ಲಿ ಐಜಿಜಿ ಬಹುತೇಕ ಯಾವಾಗಲೂ ಬಲವಾಗಿ ಪಾಸಿಟಿವ್. ನೆಗೆಟಿವ್ ಬಂದರೆ ಎಸಿಎ ಅಲ್ಲ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಪರೀಕ್ಷೆಯ ನಿಜವಾದ ಉಪಯೋಗ ಇಲ್ಲಿ ನೆಗೆಟಿವ್‌ನಲ್ಲಿದೆ. ಪಾಸಿಟಿವ್ ಬಂದರೆ ಚರ್ಮದ ತುಣುಕು ತೆಗೆದು ನೋಡಲೇಬೇಕು.

ಇನ್ನೊಂದು ಬಗೆ ಲಿಂಫೋಸೈಟೋಮಾ: ಕಿವಿಯ ಹಾಲೆಯಲ್ಲೋ ಮೊಲೆತೊಟ್ಟಿನಲ್ಲೋ ನೀಲಿಗೆಂಪು ಗಂಟು. ಅದೂ ಯುರೋಪಿನದೇ. ಇನ್ನು, ಲೈಮ್ ಆದ ಮೇಲೆ ತಿಂಗಳುಗಟ್ಟಲೆ ಉಳಿಯುವ ಸುಸ್ತು, ಮೈಕೈ ನೋವು ಇದೆಯಲ್ಲ, ಅದರ ಲಕ್ಷಣಗಳಲ್ಲಿ ದದ್ದು ಸೇರಿಲ್ಲ. ಎರಡನ್ನೂ ಗಂಟು ಹಾಕಿ ಪರೀಕ್ಷೆ ಬರೆಸಬೇಡಿ.

ನಮ್ಮಲ್ಲಿ ಬಳೆಯಾಗಿ ಏಳುವ ಬೇರೆಯವು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ರೈನ್‌ಕೋಟು, ಗಂಬೂಟು, ಒಣಗದ ಒಳಬಟ್ಟೆ. ಹುಳುಕಡ್ಡಿ ಎಂಬ ಚರ್ಮದ ಫಂಗಸ್‌ಗೆ ಇದಕ್ಕಿಂತ ಒಳ್ಳೆಯ ಗದ್ದೆ ಬೇಡ. ಬಳೆಯಾಕಾರ, ಅಂಚಿನಲ್ಲಿ ಹೊಟ್ಟು, ಜೀವ ಹಿಂಡುವ ತುರಿಕೆ, ಸೊಂಟ-ತೊಡೆಸಂದು-ಕಂಕುಳು ಇಷ್ಟು ಇದ್ದರೆ ಲೈಮ್ ಮಾತೇ ಬೇಡ. ಕಾಫಿ ಕೊಯ್ಲಿನ ಹೊತ್ತಿಗೆ, ನವೆಂಬರ್‌ನಿಂದ ಬೇಸಿಗೆವರೆಗೆ, ಮರಿ ಉಣ್ಣಿಗಳ ಕಾಲ. ಕಾಲುಚೀಲದ ಅಂಚು, ಸೊಂಟಪಟ್ಟಿಯ ಕೆಳಗೆ ಸಾಲಾಗಿ ಕೆಂಪು ಗುಳ್ಳೆ. ಕಚ್ಚಿದ 48 ಗಂಟೆಯೊಳಗೆ ಏಳುವುದು, 5 ಸೆಂಟಿಮೀಟರ್ ದಾಟದಿರುವುದು, ತುರಿಸುವುದು, ದಿನ ಕಳೆದಂತೆ ಕುಗ್ಗುವುದು: ಇವು ಬರೀ ಕಡಿತದ ಅಲರ್ಜಿಯ ಗುರುತು. ಉಣ್ಣಿಯ ಬಾಯಿಯ ಚೂರು ಒಳಗೆ ಉಳಿದರೆ ಅದೇ ಜಾಗದಲ್ಲಿ ಗಟ್ಟಿ ಗಂಟು ತಿಂಗಳುಗಟ್ಟಲೆ ನಿಂತು, ಆಗಾಗ ಕೆರಳುವುದೂ ಇದೆ. 'ಮತ್ತೆ ಮತ್ತೆ ಬರುತ್ತದೆ' ಎನ್ನುವ ದೂರುಗಳಲ್ಲಿ ಒಂದು ಪಾಲು ಇದು. ಹೊಟ್ಟಿಲ್ಲದೆ, ತುರಿಕೆಯಿಲ್ಲದೆ, ಮುಂಗೈ ಅಥವಾ ಪಾದದ ಮೇಲೆ ಚಿಕ್ಕ ಗಂಟುಗಳ ಬಳೆ ವರ್ಷಗಟ್ಟಲೆ ಇದ್ದರೆ ಗ್ರಾನ್ಯುಲೋಮಾ ಆನ್ಯುಲೇರ್ ಇರಬಹುದು, ತೊಂದರೆ ಕೊಡದ ಸಮಸ್ಯೆ. ಹೋಲಿಗಾರ್ನಾ ಜಾತಿಯ ಚೇರೆ ಮರದ ಸೊನೆ ತಾಗಿದರೆ ಬೊಬ್ಬೆಯೇ ಬರುತ್ತದೆ, ಮರ ಕಡಿಯುವವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಜ್ವರ ಇದ್ದರೆ ಲೆಕ್ಕವೇ ಬೇರೆ. ಕಂಕುಳಲ್ಲೋ ತೊಡೆಸಂದಿಯಲ್ಲೋ ಬೀಡಿಯಲ್ಲಿ ಸುಟ್ಟಂಥ ಕರಿ ಹೆಪ್ಪು ಇದ್ದರೆ ಸ್ಕ್ರಬ್ ಟೈಫಸ್, ಅಂಗೈ-ಅಂಗಾಲಿಗೂ ಹರಡಿದ ಚುಕ್ಕೆ ಇದ್ದರೆ ಉಣ್ಣಿಯಿಂದ ಬರುವ ಟೈಫಸ್. ಇವುಗಳಿಗೆ ಲೈಮ್ ಪರೀಕ್ಷೆ ಬರೆಸಿ ಐದು ದಿನ ಕಾಯುವುದು ಅಪಾಯ. ಇವಕ್ಕೂ ಡಾಕ್ಸಿಸೈಕ್ಲಿನ್ನೇ ಮದ್ದು, ಆದರೆ ಗಂಟೆಗಳ ಲೆಕ್ಕದಲ್ಲಿ ಶುರುವಾಗಬೇಕು.

ರಕ್ತ ಕೊಡುವುದಾದರೆ

ಖಾಲಿ ಹೊಟ್ಟೆ ಬೇಡ. 3ರಿಂದ 5 ಮಿಲಿಲೀಟರ್ ರಕ್ತ ಹಳದಿ ಅಥವಾ ಕೆಂಪು ಮುಚ್ಚಳದ ಟ್ಯೂಬಿಗೆ ಹೋಗಬೇಕು. ನೇರಳೆ ಮುಚ್ಚಳದ್ದು ರಕ್ತಕಣ ಎಣಿಸುವ ಪರೀಕ್ಷೆಗೆ. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ತಿರುಗಿಸಿ ಸೀರಂ ಬೇರ್ಪಡಿಸಿ, 2ರಿಂದ 8 ಡಿಗ್ರಿಯ ತಂಪಿನಲ್ಲಿ ಕಳಿಸಬೇಕು. ಬೇರ್ಪಡಿಸದೆ ಟ್ಯೂಬ್ ಹಾಗೇ ಬಸ್ಸಿನಲ್ಲಿ ಘಾಟಿ ಇಳಿದು ಕುಲುಕಿದರೆ ಕೆಂಪುಕಣ ಒಡೆದು ಸೀರಂ ಕೆಂಪಾಗುತ್ತದೆ, ಲ್ಯಾಬ್ 'ಹೀಮೊಲೈಸ್ಡ್' ಎಂದು ವಾಪಸ್ ಹಾಕುತ್ತದೆ. ಆದ್ದರಿಂದ ಕೈ ಚಾಚುವ ಮೊದಲು ಕೇಳಿ: 'ಅಣ್ಣ, ಸೀರಂ ಇಲ್ಲೇ ಬೇರೆ ಮಾಡ್ತೀರಾ, ಇಲ್ಲ ಟ್ಯೂಬ್ ಹಾಗೇ ಹೋಗ್ತದಾ? ಗಾಡಿ ಎಷ್ಟು ಗಂಟೆಗೆ ಬರ್ತದೆ?' ಗಾಡಿ ಬರುವ ಎರಡು ಗಂಟೆ ಮೊದಲು ಕೊಟ್ಟರೆ ಸೊಗಸು. ಶನಿವಾರ ಸಂಜೆ ಬೇಡ. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ಫ್ರಿಜ್ ನಿಂತರೆ, ಜನರೇಟರ್ ಇದೆಯೇ ಎಂದೂ ವಿಚಾರಿಸಿ. ಕೇಳಿದರೆ ಮುಖ ಗಂಟಿಕ್ಕುವ ಸೆಂಟರ್ ಬಿಟ್ಟು ಪಕ್ಕದ್ದಕ್ಕೆ ಹೋಗಿ.

ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಹೇಳಬೇಕು, ಕೆಲವು ಕಿಟ್‌ಗಳ ಫಲಿತಾಂಶವನ್ನು ಅದು ಕೆಡಿಸುತ್ತದೆ. ಎರಡು ಮೂರು ದಿನ ಮೊದಲೇ ನಿಲ್ಲಿಸಿದರೆ ಸಾಕು. ಫಾರಂನಲ್ಲಿ ನಾಲ್ಕು ವಿಷಯ ಬರೆಸಿ: ಮೊದಲ ಸೋಂಕು ಯಾವ ತಿಂಗಳು, ಯಾವ ದೇಶದಲ್ಲಿ, ಯಾವ ಮದ್ದು ಎಷ್ಟು ದಿನ, ಈಗಿನ ದದ್ದು ಯಾವಾಗಿನಿಂದ. ಇದಿಲ್ಲದೆ ರಿಪೋರ್ಟ್ ಓದುವವರು ಕತ್ತಲಲ್ಲಿ ತಡಕಾಡುತ್ತಾರೆ.

ಹೊಸ ದದ್ದು ಎದ್ದು ಒಂದೆರಡು ವಾರವಷ್ಟೇ ಆಗಿದ್ದರೆ ಹೊಸ ಸೋಂಕಿನ ಪ್ರತಿಕಾಯ ಇನ್ನೂ ತಯಾರಾಗಿರುವುದಿಲ್ಲ, ಹಳೆಯದು ರಕ್ತದಲ್ಲಿ ಉಳಿದಿಲ್ಲದಿದ್ದರೆ ನೆಗೆಟಿವ್ ಬರುವ ಸಂಭವವೇ ಹೆಚ್ಚು. ಲೈಮ್ ಇರುವ ಊರಿನಿಂದ ಈಗಷ್ಟೇ ಬಂದು, ದೊಡ್ಡದಾಗುತ್ತಿರುವ ದದ್ದು ಇದ್ದರೆ ಪರೀಕ್ಷೆಗೆ ಕಾಯದೆ ವೈದ್ಯರು ನೋಡಿಯೇ ಮದ್ದು ಶುರುಮಾಡುತ್ತಾರೆ. ಆ ಗಿರಾಕಿಗೆ ಈ ಸೇವೆ ಸೊನ್ನೆ ಅಂಕದ್ದು.

ಅದೇ ದುಡ್ಡಿಗೆ ಇದಕ್ಕಿಂತ ಒಳ್ಳೆಯವು

ಮೊದಲನೆಯದು ಒಂದು ಬಾಲ್‌ಪೆನ್. ದದ್ದಿನ ಹೊರ ಅಂಚನ್ನು ಗೆರೆ ಎಳೆದು ಗುರುತು ಮಾಡಿ, ಪಕ್ಕದಲ್ಲಿ ದರ್ಜಿಯ ಟೇಪ್ ಇಟ್ಟು, ಬೆಳಗಿನ ಹೊರಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ, ದಿನಾ ಒಂದೇ ದೂರದಿಂದ ಫೋಟೋ. ನಾಲ್ಕು ದಿನದಲ್ಲಿ ಗೆರೆ ದಾಟಿ ಸೆಂಟಿಮೀಟರುಗಟ್ಟಲೆ ಹೋಯಿತೋ, ಅಲ್ಲೇ ನಿಂತಿತೋ, ಕುಗ್ಗಿತೋ ಎಂಬುದು ಚರ್ಮತಜ್ಞರಿಗೆ ಎಲೈಸಾಗಿಂತ ಹೆಚ್ಚು ಹೇಳುತ್ತದೆ.

ಎರಡನೆಯದು ಕೆಒಎಚ್ ಪರೀಕ್ಷೆ. ಅಂಚಿನ ಹೊಟ್ಟನ್ನು ಬ್ಲೇಡಿನಿಂದ ಕೆರೆದು, ಗಾಜಿನ ಪಟ್ಟಿಯ ಮೇಲೆ 10ರಿಂದ 20 ಪರ್ಸೆಂಟ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಫಂಗಸ್ ಇದ್ದರೆ ಎಳೆ ಕಾಣುತ್ತದೆ, ಕೂತಲ್ಲೇ ಉತ್ತರ. ಖರ್ಚು ಲೈಮ್ ಪರೀಕ್ಷೆಯ ಹತ್ತಿರಕ್ಕೂ ಬರುವುದಿಲ್ಲ. ಎರಡು ವಾರದಿಂದ ಯಾವ ಮುಲಾಮೂ ಹಚ್ಚಿರಬಾರದು ಎಂಬುದೊಂದೇ ಷರತ್ತು. ಐದಕ್ಕೆ ನಾಲ್ಕೂವರೆ.

ಮೂರನೆಯದು ಪಂಚ್ ಬಯಾಪ್ಸಿ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಚರ್ಮರೋಗ ವಿಭಾಗದಲ್ಲಿ ಮೊದಲು ವಿಚಾರಿಸಿ, ಅಲ್ಲಿ ಆಗದಿದ್ದರೆ ಮೈಸೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಲಿಗ್ನೊಕೇನ್ ಚುಚ್ಚಿ ಜೋಮು ಹಿಡಿಸಿ, 4 ಮಿಲಿಮೀಟರ್ ವ್ಯಾಸದ ತುಣುಕು ತೆಗೆದು ಒಂದೆರಡು ಹೊಲಿಗೆ. ಹೊಲಿಗೆ ಬಿಚ್ಚುವುದು ಮೈ ಭಾಗದಲ್ಲಿ 7ರಿಂದ 10 ದಿನ, ಕಾಲಿನಲ್ಲಿ 10ರಿಂದ 14 ದಿನಕ್ಕೆ. ಅಷ್ಟು ದಿನ ಆ ಕಾಲಿಗೆ ಗಂಬೂಟು ಬೇಡ, ಗಾಯ ಬೆವರಿ ಕೊಳೆಯುತ್ತದೆ.

ಇಲ್ಲಿ ಹದ ತಪ್ಪುವ ಜಾಗ ಡಬ್ಬಿ. ಸೂಕ್ಷ್ಮದರ್ಶಕದಲ್ಲಿ ನೋಡುವ ತುಣುಕು 10 ಪರ್ಸೆಂಟ್ ಫಾರ್ಮಲಿನ್‌ಗೆ, ತುಣುಕಿನ ಗಾತ್ರದ ಹತ್ತು ಪಟ್ಟಾದರೂ ದ್ರವ ಇರಬೇಕು. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸುವ ತುಣುಕು ಫಾರ್ಮಲಿನ್‌ಗೆ ಬೀಳಲೇಬಾರದು. ಅದನ್ನು ಸಲೈನ್‌ನಲ್ಲಿ ಹಾಕಿ ತಂಪಿನಲ್ಲಿ ಕಳಿಸಬೇಕು. ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ. ಎರಡೂ ಬೇಕಿದ್ದರೆ ಎರಡು ತುಣುಕು, ಎರಡು ಡಬ್ಬಿ, ಎರಡು ಚೀಟಿ. ಚೀಟಿಯಲ್ಲಿ 'ಹಿಂದೆ ಲೈಮ್ ಆಗಿತ್ತು, ಎಸಿಎ ಅನುಮಾನ' ಎಂದು ಬರೆಸಿ. ನಮ್ಮ ಕಡೆಯ ಪೆಥಾಲಜಿಸ್ಟ್‌ಗಳು ದಿನಾ ನೋಡುವ ಸಂಗತಿ ಅಲ್ಲ ಅದು. ರಕ್ತನಾಳಗಳ ಸುತ್ತ ಪ್ಲಾಸ್ಮಾ ಕಣ, ತೆಳುವಾದ ಮೇಲ್ಪದರ, ಹಿಗ್ಗಿದ ನಾಳಗಳನ್ನು ಹುಡುಕಬೇಕೆಂದು ಸುಳಿವು ಸಿಕ್ಕರೆ ಹುಡುಕುತ್ತಾರೆ. ರಕ್ತದ ಪಿಸಿಆರ್ ಮಾತ್ರ ಬೇಡ. ರಕ್ತದಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ಇರುವುದಿಲ್ಲ, ನೆಗೆಟಿವ್ ಬಂದರೂ ಏನೂ ತಿಳಿದಂತಾಗಲಿಲ್ಲ.

ಸೊನ್ನೆಗಿಂತ ಕೆಳಗಿನ ಅಂಕ ಮೆಡಿಕಲ್ ಶಾಪಿನ ಮೂರು ಬೆರಕೆಯ ಟ್ಯೂಬಿಗೆ. ಕ್ಲೊಬೆಟಾಸಾಲ್, ಒಂದು ಆಂಟಿಬಯಾಟಿಕ್, ಒಂದು ಫಂಗಸ್ ಮದ್ದು, ಮೂರೂ ಒಂದರಲ್ಲಿ. ಚೀಟಿ ಇಲ್ಲದೆ ಕೊಡಬಾರದ ಮದ್ದು, ಕೌಂಟರ್ ಮೇಲೆ ಸಲೀಸಾಗಿ ಸಿಗುತ್ತದೆ. ಹಚ್ಚಿದ ಎರಡು ದಿನಕ್ಕೆ ತುರಿಕೆ ಮಾಯ, ಬಿಟ್ಟ ವಾರಕ್ಕೆ ಬಳೆ ಇನ್ನೂ ದೊಡ್ಡದಾಗಿ ವಾಪಸ್. ಸ್ಟೀರಾಯ್ಡ್‌ನಿಂದ ಫಂಗಸ್‌ನ ಹೊಟ್ಟು ಅಳಿಸಿಹೋಗಿ ಅಂಚು ನುಣುಪಾಗುತ್ತದೆ. ಆಗ ಅದು ನೋಡಲು ಥೇಟ್ ಲೈಮ್ ದದ್ದು. ತೊಡೆಸಂದಿಯಲ್ಲಿ ಚರ್ಮ ಸೀಳಿದ ಗೆರೆಗಳು ಬಿದ್ದರೆ ಹೋಗುವುದೇ ಇಲ್ಲ. ಹಳೆಯ ಲೈಮ್ ರೋಗಿ, ಸ್ಟೀರಾಯ್ಡ್ ಹಚ್ಚಿದ ಹುಳುಕಡ್ಡಿ, ಪಾಸಿಟಿವ್ ಐಜಿಜಿ: ಈ ಮೂರು ಒಂದೆಡೆ ಸೇರಿದರೆ ಬೇಡದ ಆಂಟಿಬಯಾಟಿಕ್ ಕೋರ್ಸ್ ಖಾಯಂ.

ಎಸಿಎ ಎಂದು ಖಚಿತವಾದರೆ

ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ, 21ರಿಂದ 28 ದಿನ, ಚರ್ಮತಜ್ಞರ ಚೀಟಿಯ ಮೇಲೆ. ಲೋಟ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ, ಇಲ್ಲದಿದ್ದರೆ ಅನ್ನನಾಳ ಸುಟ್ಟು ಹುಣ್ಣಾಗುತ್ತದೆ. ಹಾಲು, ಕಬ್ಬಿಣದ ಮಾತ್ರೆ, ಗ್ಯಾಸ್ ಸಿರಪ್ ಜೊತೆ ಬೇಡ, ಎರಡು ಮೂರು ಗಂಟೆ ಅಂತರ ಇರಲಿ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಕಣದಲ್ಲಿ ಕಾಫಿ ಹರಡುವ ಜನವರಿಯಲ್ಲಿ ಕೋರ್ಸ್ ಬಿದ್ದರೆ ತುಂಬು ತೋಳಿನ ಅಂಗಿ, ಟೋಪಿ ಕಡ್ಡಾಯ. ಬಸುರಿಯರಿಗೆ ಬೇರೆ ಮದ್ದು.

ಕೆಂಪು, ಊತ ವಾರಗಳಿಂದ ತಿಂಗಳುಗಳಲ್ಲಿ ಇಳಿಯುತ್ತದೆ. ಕೋರ್ಸ್ ಮುಗಿದ ದಿನ ಬಣ್ಣ ಇನ್ನೂ ಇದೆ ಎಂದು ಗಾಬರಿಯಾಗಿ ಮತ್ತೊಂದು ಕೋರ್ಸ್ ಕೇಳಬೇಡಿ. ತೆಳ್ಳಗಾದ ಚರ್ಮ ಮಾತ್ರ ಮೊದಲಿನಂತಾಗುವುದಿಲ್ಲ. ಮುಳ್ಳು ಗೀರಿದರೂ ಸೀಳುತ್ತದೆ, ಅದನ್ನು ಕಾಪಾಡಿಕೊಳ್ಳಬೇಕು. ವಾಸಿಯಾಯಿತೇ ಎಂದು ನೋಡಲು ಮತ್ತೆ ಎಲೈಸಾ ಮಾಡಿಸುವುದು ಲ್ಯಾಬಿಗೆ ಲಾಭ, ನಿಮಗಲ್ಲ. ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಡುವ ಪ್ಯಾಕೇಜ್‌ಗಳ ಜಾಹೀರಾತು ಇಂಟರ್‌ನೆಟ್‌ನಲ್ಲಿ ಕಾಣುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಲೈಮ್ ನಂತರದ ದೀರ್ಘ ತೊಂದರೆ ಇದ್ದವರಿಗೆ 12 ವಾರ ಹೆಚ್ಚುವರಿ ಮದ್ದು ಕೊಟ್ಟು ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಡಮ್ಮಿ ಮಾತ್ರೆಗಿಂತ ಅದರಿಂದ ಹೆಚ್ಚಿನ ಗುಣ ಕಾಣಲಿಲ್ಲ.

ಉಣ್ಣಿ ಕಚ್ಚಿಕೊಂಡಿರುವುದು ಈಗಲೇ ಕಂಡರೆ ಸುಣ್ಣ, ಹೊಗೆಸೊಪ್ಪಿನ ರಸ, ಸೀಮೆಎಣ್ಣೆ ಯಾವುದೂ ಬೇಡ. ಕೆರಳಿದ ಉಣ್ಣಿ ಹೊಟ್ಟೆಯಲ್ಲಿದ್ದುದನ್ನು ಒಳಕ್ಕೇ ಕಕ್ಕುತ್ತದೆ. ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನೇರ ಮೇಲಕ್ಕೆ ಒಂದೇ ಸಮ ಎಳೆಯಿರಿ. ಉಣ್ಣಿಯನ್ನು ಸ್ಪಿರಿಟ್ ಹಾಕಿದ ಪುಟ್ಟ ಸೀಸೆಯಲ್ಲಿಟ್ಟು ತಾರೀಕು, ಜಾಗ ಬರೆದು ಅಂಟಿಸಿ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ಸೀಸೆ ಸಮೇತ ಸರ್ಕಾರಿ ಆಸ್ಪತ್ರೆಗೆ ಹೋಗಿ, ಯಾವ ಕಾಡಿನ ಅಂಚಿನಲ್ಲಿ ಕಚ್ಚಿತು, ಹತ್ತಿರದಲ್ಲಿ ಮಂಗ ಸತ್ತಿತ್ತೇ ಎಂದು ಹೇಳಿ. ಅಲ್ಲಿ ಮೊದಲು ನೋಡಬೇಕಾದ್ದು ಮಂಗನ ಕಾಯಿಲೆ ಮತ್ತು ಟೈಫಸ್, ಲೈಮ್ ಅಲ್ಲ.